ಮೊದಲ ದಿನವೂ ಲೆಕ್ಕಕ್ಕೆ

"ನನ್ನ ಒಂಬತ್ತು ದಿನ ನುಂಗಿ ಹಾಕಿದ್ದೀರಿ ಮೇಡಂ! ವಾಪಸ್ ಕೊಡಿ!"

ಕೌಂಟರಿನಾಚೆಯಿಂದ ಬಂದ ಆ ದನಿಗೆ ಅವಳ ಬೆರಳು ಕೀಬೋರ್ಡಿನ ಮೇಲೆಯೇ ನಿಂತುಹೋಯಿತು.

ತಲೆ ಎತ್ತಿದಳು. ತೋಳಿಗೆಲ್ಲ ಸೀಮೆಸುಣ್ಣದ ಪುಡಿ, ಕೆದರಿದ ಕೂದಲು, ಕೆಂಪೇರಿದ ಮುಖ. ಕೈಯಲ್ಲೊಂದು ಹಾಳೆ. ಬೆಳಿಗ್ಗೆ ಅವಳೇ ನೋಟಿಸ್ ಬೋರ್ಡಿಗೆ ಅಂಟಿಸಿದ್ದ ಪಟ್ಟಿ. ಪುಣ್ಯಾತ್ಮ ಕಿತ್ತುಕೊಂಡೇ ಬಂದಿದ್ದಾನೆ!

"ನೋಟಿಸ್ ಕಿತ್ಕೊಂಡು ಬರೋದು ಯಾವ ಸೀಮೆ ಮರ್ಯಾದೆ ರೀ?"

"ದಿನ ಕದಿಯೋದು ಯಾವ ಸೀಮೆ ಮರ್ಯಾದೆ?"

ಅವನು ಬದಲಿ ಮೇಷ್ಟ್ರು. ಯಾರಾದರೂ ಹೆರಿಗೆ ರಜೆ ಹಾಕಿದರೆ, ಯಾರದಾದರೂ ಕಾಲು ಮುರಿದರೆ, ಆ ಜಾಗಕ್ಕೆ ಅವನು. ಅವರು ಹಿಂತಿರುಗಿದರೆ ಇವನು ಮನೆಗೆ. ಹೀಗೆ ಒಂಬತ್ತು ಸಲ ಸೇರಿ, ಎಂಟು ಸಲ ಬಿಟ್ಟವನು. ಎಲ್ಲ ಸೇರಿ ಮೂರು ವರ್ಷ, ಅಂದರೆ ಸಾವಿರದ ತೊಂಬತ್ತೈದು ದಿನ ತುಂಬಿದರೆ ಕೆಲಸ ಕಾಯಂ. ಈಗಿನ ಪಾಳಿ ಮುಂದಿನ ತಿಂಗಳ ಕೊನೆಯ ಶುಕ್ರವಾರ ಮುಗಿಯುತ್ತಿತ್ತು. ಅಂದೇ ಸಂಜೆ ನಾಲ್ಕಕ್ಕೆ ಕಾಯಂ ಪಟ್ಟಿಗೆ ನಿರ್ದೇಶಕಿಯ ಸಹಿ. ಅವಳ ಶೀಟು ಆ ಶುಕ್ರವಾರದವರೆಗೂ ಕೂಡಿಸಿ ತೋರಿಸಿದ್ದು ಸಾವಿರದ ಎಂಬತ್ತಾರು.

"ಕಂಪ್ಯೂಟರ್ ಹಾಕಿದ ಲೆಕ್ಕ ಇದು. ನೀವು ಹೇಗೆ ಲೆಕ್ಕ ಹಾಕಿದ್ರಿ?"

ಅವನು ಕೈ ಎತ್ತಿ ಬೆರಳ ಗೆಣ್ಣು ತೋರಿಸಿದ.

ಕಚೇರಿಯವರೆಲ್ಲ ಗೊಳ್ಳೆಂದು ನಕ್ಕರು. ಅವಳೂ ನಕ್ಕಳು. ನಗಬಾರದಿತ್ತು, ಆದರೆ ನಕ್ಕುಬಿಟ್ಟಳು! ಅಲ್ಲಿ ಅವಳಿಗೆ 'ಶೀಟಮ್ಮ' ಅಂತಲೇ ಹೆಸರು. ಎಂಟು ಶಾಲೆಗಳ ಸಿಬ್ಬಂದಿಯ ಲೆಕ್ಕ ಅವಳ ಎಕ್ಸೆಲ್ ಶೀಟಿನಲ್ಲಿತ್ತು. ಕೆಲಸಕ್ಕೆ ಸೇರಿ ವರ್ಷವೂ ತುಂಬದ ಹುಡುಗಿಗೆ ಅಷ್ಟು ಹೆಸರು ಬಂದಿದ್ದಕ್ಕೆ ಒಳಗೊಳಗೇ ಜಂಬವೂ ಇತ್ತು ಅನ್ನಿ.

"ನಿಮ್ಮ ನೇಮಕದ ಆರ್ಡರ್ ಎಲ್ಲ ತನ್ನಿ. ತಾರೀಕು ತಪ್ಪಿದ್ರೆ ತಿದ್ದೋಣ," ಎಂದಳು.

ಅವನು ತಂದ. ಆದರೆ ದಿನಕ್ಕೊಂದೇ ಆರ್ಡರ್!

"ಇದೊಂದೇನಾ? ಉಳಿದಿದ್ದು?"

"ಹುಡುಕ್ತಾ ಇದ್ದೀನಿ ಮೇಡಂ."

ಅವನು ತಾರೀಕು ಓದುವುದು, ಅವಳು ಶೀಟಿನ ಸಾಲಿಗೆ ತಾಳೆ ನೋಡುವುದು. ಒಂದೂ ತಪ್ಪಿಲ್ಲ. ಆ ಒಂಬತ್ತು ದಿನ ಮಾತ್ರ ಎಲ್ಲಿ ಅಡಗಿ ಕುಳಿತಿತ್ತೋ!

ನಡುವೆ ಮಾತು ಬೆಳೆಯಿತು. ಅವಳ ಅಪ್ಪನ ಕೆಮ್ಮು, ಅವನಿಂದ ಉತ್ತರ ಕಲಿತು ಅವನನ್ನೇ ತಿದ್ದುವ ಮಕ್ಕಳ ಕಥೆ... ಒಮ್ಮೆ ಅವನು ತೆರೆಯ ಕಡೆ ಬೆರಳು ತೋರಿಸಿ ಕೇಳಿದ್ದ.

"ಇವರಿಗೆ ಯಾಕೆ 'ಬಿಟ್ಟ ತಾರೀಕು' ಖಾಲಿ?"

"ಅವರು ಕಾಯಂ. ಬಿಟ್ಟಿಲ್ವಲ್ಲ! ಖಾಲಿ ಬಿಟ್ರೆ ಶೀಟು ಇವತ್ತಿನ ತಾರೀಕು ತಗೊಳ್ಳುತ್ತೆ. ದಿನಾ ಒಂದೊಂದು ತಾನೇ ಹೆಚ್ಚಾಗುತ್ತೆ."

"ಅದೃಷ್ಟವಂತರು," ಎಂದಿದ್ದ ಮೆಲ್ಲಗೆ. "ನಂಗೆ ಸೇರುವಾಗಲೇ ಬಿಡೋ ತಾರೀಕು ಬರೆದುಕೊಡ್ತಾರೆ."

ಅಂದು ಮನೆಗೆ ಹೋದ ಮೇಲೂ ಆ ಮಾತು ಅವಳನ್ನು ಬಿಡಲಿಲ್ಲ. ಮರುದಿನ ಹೊತ್ತು ಮಧ್ಯಾಹ್ನಕ್ಕೆ ತಿರುಗುತ್ತಲೇ ಕಣ್ಣು ಬಾಗಿಲ ಕಡೆ ಹೋಯಿತು.

'ಛೀ, ಏನಾಗಿದೆ ನನಗೆ?'

ಏನಾಗಿದೆ ಅಂತ ಕ್ಯಾಶಿಯರ್ ಆಂಟಿಗೆ ಆಗಲೇ ಗೊತ್ತಾಗಿತ್ತು.

"ಅಯ್ಯೋ ಹುಚ್ಚಿ! ಅವನು ನಿನ್ನ ಮುಖ ನೋಡೋಕೆ ಬರ್ತಾನೆ ಅಂದ್ಕೊಂಡ್ಯಾ? ಬೆಣ್ಣೆ ಹಚ್ಚಿ ಒಂಬತ್ತು ದಿನ ಗಿಟ್ಟಿಸಿಕೊಳ್ಳೋಕೆ ಕಣೇ. ಕೆಲಸ ಆದ ಮೇಲೆ ನೋಡು, ಈ ಕಡೆ ತಲೆ ಹಾಕಿ ಮಲಗಿದ್ರೆ ಕೇಳು."

ಅವಳು ಶೀಟಿನ ಕಡೆ ತಿರುಗಿದಳು. ಹೌದಲ್ಲ... ಇಲ್ಲದಿದ್ದರೆ ಈ ಕೌಂಟರಿನಲ್ಲಿ ಅವನಿಗೇನು ಕೆಲಸ?

ಆ ಮಧ್ಯಾಹ್ನ ಅವನು ಒಂಬತ್ತನೆಯ ಆರ್ಡರ್ ಹಿಡಿದು ನಗುತ್ತಾ ಬಂದ.

"ಇಡಿ ಅಲ್ಲಿ," ಎಂದಳು, ತಲೆ ಎತ್ತದೆ. "ಇದೂ ಸರಿಯಾಗೇ ಇರುತ್ತೆ. ನಿಮ್ಮ ಸಿಹಿ ಮಾತು ಬೇರೆ ಕಡೆ ಇಟ್ಕೊಳ್ಳಿ ಮೇಷ್ಟ್ರೇ. ಇಲ್ಲಿ ದಿನ ಭಿಕ್ಷೆ ಕೊಡಲ್ಲ."

ಅವನ ನಗು ಅಲ್ಲೇ ಆರಿತು.

"ಭಿಕ್ಷೆಗೆ ಬಂದೆ ಅಂದ್ಕೊಂಡ್ರಾ?"

"ಮತ್ಯಾಕೆ ಬರ್ತೀರಿ?"

ಅವನು ಏನೋ ಹೇಳಲು ಬಾಯಿ ತೆರೆದ. ಸುತ್ತ ನೋಡಿದ. ಎಲ್ಲರ ಕಿವಿಯೂ ಇತ್ತಲೇ ಇತ್ತು.

"ಬಿಡಿ ಮೇಡಂ. ದೂರದ ಊರಿನ ಶಾಲೆಯವರು ಕರೆದಿದ್ದಾರೆ. ಪಾಳಿ ಮುಗಿಯೋ ಶುಕ್ರವಾರ ಸಂಜೆ ಹೊರಡ್ತೀನಿ. ನಿಮಗೆ ಕಾಟ ತಪ್ಪುತ್ತೆ."

ಹೋದವನು ಮತ್ತೆ ಬರಲಿಲ್ಲ. ಅವಳು ಗೆದ್ದಿದ್ದಳು. ಗೆದ್ದವಳು ಆ ರಾತ್ರಿ ಊಟ ಅರ್ಧಕ್ಕೇ ಬಿಟ್ಟು ಎದ್ದಳು.

ಆ ಶುಕ್ರವಾರ ಬಂದೇ ಬಂತು. ಅಂತಿಮ ಪಟ್ಟಿ ನಿರ್ದೇಶಕಿಯ ಮೇಜು ಸೇರಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಫೋನು ಹೊಡೆದುಕೊಂಡಿತು. ಅತ್ತಿಗೆ!

"ಏನೇ, ಮಾವಂಗೆ ನಾಲ್ಕೇ ಮಾತ್ರೆ ತಂದಿದ್ದೀಯಾ? ಡಬ್ಬಿ ಖಾಲಿ!"

"ಸೋಮವಾರದಿಂದ ಶುಕ್ರವಾರದವರೆಗೆ ದಿನಕ್ಕೊಂದು ಅಂದಿದ್ರು ಅತ್ತಿಗೆ. ಸರಿಯಾಗೇ ತಂದಿದ್ದೀನಲ್ಲ?"

"ಎಲ್ಲಿ ಸರಿ? ಬೆರಳು ಮಡಚಿ ಎಣಿಸು. ಸೋಮ, ಮಂಗಳ, ಬುಧ, ಗುರು, ಶುಕ್ರ. ಐದಲ್ವಾ?"

"ಶುಕ್ರವಾರ ಐದನೇದು, ಸೋಮವಾರ ಒಂದನೇದು. ಐದರಿಂದ ಒಂದು ಕಳೆದ್ರೆ ನಾಲ್ಕು..."

"ಯಾಕಮ್ಮಾ ಕಳೀತೀಯಾ? ಸೋಮವಾರದ ಮಾತ್ರೆ ಯಾರು ನುಂಗ್ತಾರೆ, ನಿನ್ನ ಕಂಪ್ಯೂಟರಾ? ಇರಲಿ, ನಾನೇ ತರ್ತೀನಿ!"

ಫೋನು ಕಟ್ಟಾಯಿತು. ಅವಳು ಮಾತ್ರ ಅದನ್ನು ಕಿವಿಗೆ ಹಿಡಿದೇ ಕುಳಿತಿದ್ದಳು.

ಸೋಮವಾರದ ಮಾತ್ರೆ... ಮೊದಲ ದಿನದ ಮಾತ್ರೆ...

ಶೀಟು ತೆರೆದಳು. ಬಿಟ್ಟ ತಾರೀಕಿನಿಂದ ಸೇರಿದ ತಾರೀಕು ಕಳೆ. ಅವಳೇ ಬರೆದ ಸೂತ್ರ. ಕಳೆದಾಗ ಸೇರಿದ ದಿನವೇ ಬಿದ್ದುಹೋಗುತ್ತಿತ್ತು! ಅವತ್ತೂ ಅವನು ಪಾಠ ಮಾಡಿದ್ದನಲ್ಲ? ಪ್ರತಿ ಸಾಲಿನಲ್ಲೂ ಒಂದು ದಿನ ಮಾಯ. ಅವನದು ಒಂಬತ್ತು ಸಾಲು.

ಒಂಬತ್ತು ಸಾಲು... ಒಂಬತ್ತು ದಿನ!

'ದೇವರೇ! ಕದ್ದವಳು ನಾನೇ!'

ಗೋಡೆ ಗಡಿಯಾರ ಮೂರೂವರೆ ತೋರಿಸುತ್ತಿತ್ತು. ಅವನಿಗೆ ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದಳು. ಇಲ್ಲ.

"ಸುಮ್ನಿರೇ," ಎಂದು ಆಂಟಿ ಪಿಸುಗುಟ್ಟಿದರು. "ನೀನಿನ್ನೂ ಪ್ರೊಬೇಶನ್. ತಪ್ಪು ಒಪ್ಕೊಂಡ್ರೆ ನಿನ್ನ ಕುತ್ತಿಗೆಗೇ ಬರುತ್ತೆ. ಯಾರಿಗೆ ಗೊತ್ತಾಗುತ್ತೆ ಹೇಳು?"

"ನಂಗೆ ಗೊತ್ತಾಯ್ತಲ್ಲ ಆಂಟಿ."

ಎದ್ದುಹೋಗಿ ನಿರ್ದೇಶಕಿಯ ಕೋಣೆಯ ಬಾಗಿಲು ತಳ್ಳಿದಳು. ನಿರ್ದೇಶಕಿ ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರು.

"ಮೇಡಂ, ಸಹಿ ಹಾಕ್ಬೇಡಿ! ಶೀಟಲ್ಲಿ ತಪ್ಪಿದೆ. ತಪ್ಪು ನಂದು."

ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಮಾತ್ರೆಯ ಕಥೆಯನ್ನೂ. ನಿರ್ದೇಶಕಿ ಕನ್ನಡಕ ತೆಗೆದು ಅವಳನ್ನೇ ದಿಟ್ಟಿಸಿದರು.

"ನಲವತ್ತು ಜನರ ಪಟ್ಟಿ ಇದು. ಎಲ್ಲದರಲ್ಲೂ ತಪ್ಪಿದೆಯಾ?"

"ಎಲ್ಲದರಲ್ಲೂ ಮೇಡಂ."

"ನಿಮ್ಮ ಕೆಲಸಕ್ಕೇ ಕುತ್ತು ಬರಬಹುದು, ಗೊತ್ತಲ್ವಾ?"

"ಗೊತ್ತು." ಕಣ್ಣು ತುಂಬಿತು. "ಆದ್ರೆ ಅವರು ದುಡಿದ ದಿನ ಅವರಿಗೆ ಸಿಗ್ಬೇಕು ಮೇಡಂ."

ನಿರ್ದೇಶಕಿ ಪೆನ್ನಿನ ಮುಚ್ಚಳ ಹಾಕಿ ಪಟ್ಟಿಯನ್ನು ಅವಳತ್ತ ಸರಿಸಿದರು.

"ನಾಲ್ಕರೊಳಗೆ ತಿದ್ದಿ ತನ್ನಿ. ನಿಮ್ಮ ವಿಷಯ ಸೋಮವಾರ ಮಾತಾಡೋಣ."

ಓಡಿದಳು. ಸೂತ್ರದ ಕೊನೆಗೆ 'ಕೂಡಿಸು ಒಂದು' ಸೇರಿಸಿ, ಎಲ್ಲ ಸಾಲಿಗೂ ಎಳೆದಳು. ಅವನ ಮೊತ್ತ ಕಣ್ಣೆದುರೇ ಬದಲಾಯಿತು. ಸಾವಿರದ ತೊಂಬತ್ತೈದು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬೆರಳ ಗೆಣ್ಣು ಸುಳ್ಳು ಹೇಳಿರಲಿಲ್ಲ!

ಸಹಿ ಬಿದ್ದಾಗ ಆಟದ ಮೈದಾನದಾಚೆ ಶಾಲೆಯ ಕೊನೆಯ ಗಂಟೆ ಹೊಡೆಯುತ್ತಿತ್ತು. ಹೋ ಎಂದು ಹೊರಬೀಳುತ್ತಿದ್ದ ಮಕ್ಕಳಿಗೆ ಎದುರಾಗಿ ಅವಳು ನುಗ್ಗಿದಳು. ಚಪ್ಪಲಿ ಒಂದು ಕಡೆ ಜಾರಿತು. ಹಾಕಿಕೊಂಡು ಮತ್ತೆ ಓಡಿದಳು.

ಅವನು ಖಾಲಿ ತರಗತಿಯಲ್ಲಿ ಬೋರ್ಡ್ ಒರೆಸುತ್ತಿದ್ದ. ಬೆಂಚಿನ ಮೇಲೆ ಕಟ್ಟಿಟ್ಟ ದೊಡ್ಡ ಬ್ಯಾಗು.

"ಮೇಷ್ಟ್ರೇ!"

ಅವನು ತಿರುಗಿದ. ಮುಖ ಗಂಟಿಕ್ಕಿತು.

"ಕಚೇರಿಯವರು ಇಲ್ಲಿಗೂ ಬಂದ್ರಾ? ಇನ್ನೂ ಎಷ್ಟು ದಿನ ಕಳೆಯೋದಿದೆ?"

"ಸಾವಿರದ ತೊಂಬತ್ತೈದು," ಎಂದಳು ಏದುಸಿರು ಬಿಡುತ್ತಾ. "ಪೂರ್ತಿ. ಸಹಿ ಆಯ್ತು. ನೀವು ಕಾಯಂ."

ಡಸ್ಟರ್ ಅವನ ಕೈಯಿಂದ ಕೆಳಗೆ ಬಿತ್ತು. ಅವಳು ತನ್ನ ತಪ್ಪನ್ನೆಲ್ಲ ಹೇಳಿದಳು. ನಾಲ್ಕು ಮಾತ್ರೆ, ಅತ್ತಿಗೆಯ ಬೈಗುಳ, ಮೊದಲ ದಿನ. ಅವನು ಬೆಂಚಿನ ಮೇಲೆ ಕುಸಿದು ಕುಳಿತ.

'ಬೈಲಿ. ಎಷ್ಟು ಬೇಕಾದ್ರೂ ಬೈಲಿ...'

"ಅಪ್ಪಂಗೆ ಮಾತ್ರೆ ಸಿಕ್ತಾ?" ಎಂದ ಅವನು.

ಅಷ್ಟೇ! ತಡೆದಿದ್ದ ಅಳು ಕಟ್ಟೆಯೊಡೆಯಿತು.

"ಅತ್ತಿಗೆ ತರ್ತಾರೆ... ನಿಮಗೆ ಅಷ್ಟೆಲ್ಲ ಅಂದೆ. ನೀವು ಬರ್ತಿದ್ದಿದ್ದು ಬರೀ ಆ ದಿನಗಳಿಗೋಸ್ಕರ ಅಂದ್ಕೊಂಡುಬಿಟ್ಟೆ."

"ಮೊದಲನೇ ದಿನ ಅದಕ್ಕೇ ಬಂದೆ. ಸುಳ್ಳು ಯಾಕೆ ಹೇಳಲಿ?" ಅವನ ದನಿ ಮೆತ್ತಗಾಯಿತು. "ನೀವು ಆರ್ಡರ್ ತನ್ನಿ ಅಂದ್ರಲ್ಲ, ಒಂಬತ್ತೂ ಆಗಲೇ ಬ್ಯಾಗಲ್ಲಿದ್ವು."

"ಏನು? ಮತ್ತೆ ದಿನಕ್ಕೊಂದೊಂದೇ ತಂದಿದ್ದು?"

"ಒಂದೇ ದಿನ ಕೊಟ್ಟಿದ್ರೆ ಮರುದಿನ ಬರೋಕೆ ನೆಪ ಏನಿರ್ತಿತ್ತು? ನಿಮ್ಮ ಜೊತೆ ಮಾತಾಡೋದು ನಂಗೆ ಅಷ್ಟು ಇಷ್ಟ ಆಗೋಗಿತ್ತು."

ಅವಳು ಅಳುತ್ತಲೇ ನಕ್ಕಳು. "ಕಳ್ಳ ಮೇಷ್ಟ್ರು!"

"ಕಳ್ಳ ಶೀಟಮ್ಮ!"

ಅವಳು ಬೆಂಚಿನ ಇನ್ನೊಂದು ತುದಿಯಲ್ಲಿ ಕುಳಿತಳು. ಈಗ ಹೇಳದಿದ್ದರೆ ಇನ್ಯಾವಾಗ?

"ಬಸ್ ಹತ್ತಬೇಡಿ. ಕೆಲಸಕ್ಕೋಸ್ಕರ ಅಲ್ಲ. ನಂಗೋಸ್ಕರ. ನೀವು ಬರದೇ ಇದ್ದ ದಿನಗಳನ್ನ ನಾನು ಹೇಗೆ ಕಳೆದೆ ಅಂತ ನಂಗೇ ಗೊತ್ತು."

ಅವನು ಬ್ಯಾಗನ್ನು ಪಕ್ಕಕ್ಕೆ ಸರಿಸಿ ಹತ್ತಿರ ಬಂದು ಕುಳಿತ. ಸೀಮೆಸುಣ್ಣದ ಕೈ ಅವಳ ಕೈ ಹಿಡಿಯಿತು.

"ಹಾಗಾದ್ರೆ ನಮ್ಮ ಲೆಕ್ಕ ಎಲ್ಲಿಂದ ಶುರು? ಜಗಳದ ದಿನ ಬಿಟ್ಬಿಡೋಣ್ವಾ?"

"ಬೇಡಪ್ಪಾ! ಇನ್ನೊಂದ್ಸಲ ಆ ತಪ್ಪು ಮಾಡಲ್ಲ. ಮೊದಲ ದಿನವೂ ಲೆಕ್ಕಕ್ಕೆ."

"ಮತ್ತೆ ಬಿಡೋ ತಾರೀಕು?"

ಅವಳು ಅವನ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅದನ್ನ ಖಾಲಿ ಬಿಡೋಣ."