ಚಾಲಕನ ಬದಿಯ ಒಂದಿಂಚು

ಕಾನ್ಸಾಸ್‌ನ ನನ್ನ ಗ್ಯಾರೇಜಿನಲ್ಲಿ ಹಾಡುಹಗಲೇ ನಾನು ಕಣ್ಣಾರೆ ಕಂಡದ್ದಿದು. ಜನವರಿ ತಿಂಗಳು. ನೆರೆಮನೆಯ ನಡೀನ್, ತೀರಿಹೋದ ಗಂಡ ಹಾರ್ಲನ್‌ನ ಹಳೆಯ ಪಿಕಪ್ ಟ್ರಕ್ಕನ್ನು ತಂದು ನಿಲ್ಲಿಸಿದರು. ವೇಗ ಹೆಚ್ಚಿದರೆ ಎಂಜಿನ್ನಿನ ಬಲವನ್ನು ಹಿಂಚಕ್ರಗಳಿಗೆ ಒಯ್ಯುವ ಅದರ ಎರಡು ತುಂಡಿನ ಶಾಫ್ಟು ನಡುವಿನ ಬೇರಿಂಗಿನ ಹತ್ತಿರ ಅದುರುತ್ತಿತ್ತು. ಭಾನುವಾರ ಮೊಮ್ಮಗಳ ದೀಕ್ಷಾಸ್ನಾನಕ್ಕೆ ಅವರು ಅದರಲ್ಲೇ ಇನ್ನೂರು ಮೈಲಿ ಹೋಗಬೇಕಿತ್ತು.

"ಒಂದೇ ತುಂಡಿನ ಶಾಫ್ಟು ಹಾಕ್ಬಿಡು ವೆಂಡೆಲ್. ಮೂವತ್ತು ವರ್ಷ ಸ್ಟೀರಿಂಗ್ ಮುಟ್ಟೋಕೆ ಬಿಡ್ಲಿಲ್ಲ ಪುಣ್ಯಾತ್ಮ. ಈಗ ಬೇಡ ಅನ್ನಲಿ ನೋಡೋಣ!" ಎಂದು ನನಗೆ ಹೇಳಿದರು.

ಇಂಥ ಶಾಫ್ಟಿನ ಅಳತೆಯನ್ನು ಗಾಡಿ ಜಾಕಿನ ಮೇಲಿದ್ದಾಗ ತೆಗೆಯಬಾರದು. ಚಕ್ರಗಳು ನೆಲಕ್ಕೂರಿ, ಭಾರವೆಲ್ಲ ಸ್ಪ್ರಿಂಗಿನ ಮೇಲಿರಬೇಕು. ಹಾಗೆಯೇ ನಿಲ್ಲಿಸಿದೆ. ಒಳಗೆ ಯಾರೂ ಇರಲಿಲ್ಲ. ಆದರೂ ಚಾಲಕನ ಬದಿ ಒಂದಿಂಚು ತಗ್ಗಿತ್ತು.

"ಸ್ಪ್ರಿಂಗ್ ಸೋತಿದೆ ಅಮ್ಮಾ" ಎಂದೆ. ಎರಡೂ ಬದಿ ಹೊಸತು ಹಾಕಿದೆ. ಮತ್ತೆ ಅದೇ ಒಂದಿಂಚು. ಬಾಗಿಲು ತೆರೆದು ಕೈಯಿಟ್ಟು ನೋಡಿದೆ. ಆ ಕೊರೆಯುವ ಚಳಿಯಲ್ಲೂ ಚಾಲಕನ ಸೀಟು ಬೆಚ್ಚಗಿತ್ತು. ಬಾಯಿಗೆ ತಾನಾಗಿ ಬೈಬಲಿನ ಕೀರ್ತನೆಯ ಸಾಲು ಬಂತು.

ಸಿಕ್ಕ ಅಳತೆಗೇ ಶಾಫ್ಟು ಮಾಡಿಸಿ, ಶನಿವಾರ ಕೂರಿಸಿದೆ.

"ಅಮ್ಮಾ, ಒಮ್ಮೆ ಹತ್ತಿ ಕೂತ್ಕೊಳ್ಳಿ, ಭಾರ ನೋಡ್ತೀನಿ" ಎಂದು ಬಗ್ಗಿದೆ.

ನಡೀನ್ ಸ್ಟೀರಿಂಗ್ ಮುಂದೆ ಕೂತರು. ಆ ಬದಿ ಇನ್ನಷ್ಟು ತಗ್ಗಬೇಕಿತ್ತು. ಅದು ಮೆಲ್ಲಗೆ ಮೇಲೆದ್ದಿತು. ಆಚೆ ಬದಿಯ ಸ್ಪ್ರಿಂಗು ಕಿರ್ರೆಂದಿತು.

"ಏನಾಯ್ತೋ, ಸರಿ ಇದ್ಯಾ?"

"ಸರಿ ಇದೆ. ಹೋಗ್ಬನ್ನಿ."

ಗಾಡಿ ಒಂಚೂರೂ ಅದುರದೆ ಹೊರಟಿತು. ನಡೀನ್ ಒಬ್ಬರೇ ಇದ್ದರು. ಪಕ್ಕದ ಸೀಟಿನ ಬದಿ ಒಂದಿಂಚು ತಗ್ಗಿತ್ತು.