ಮೊದಲ ಪುಟದಲ್ಲೇ ಉಳಿದ ಪಾಠಗಳು

"ಮುಟ್ಟಬೇಡಿ ಅದನ್ನ!"

ಏವೆಲಿಯ ಕೂಗಿಗೆ ಏಣಿಯ ಮೇಲಿದ್ದವನ ಕೈ ನಿಂತಿತು. ಕರಿಹಲಗೆಯ ಮೂರು ಸ್ಕ್ರೂ ಆಗಲೇ ಬಿಚ್ಚಿದ್ದ. ನಾಲ್ಕನೆಯದರಲ್ಲಿ ಅವಳ ಹದಿನಾಲ್ಕು ವರ್ಷದ ಪಾಠವೆಲ್ಲ ಜೋತಾಡುತ್ತಿತ್ತು.

"ಬಿಡು ಅಂದ್ರೆ ಬಿಡ್ತೀನಿ ಟೀಚರ್... ಆದ್ರೆ ಈಗ ಬಿಟ್ರೆ ನಿಮ್ಮ ತಲೆ ಮೇಲೇ ಬೀಳುತ್ತೆ!"

ಮಕ್ಕಳು ಗೊಳ್ಳೆಂದು ನಕ್ಕರು. ಏವೆಲಿಗೂ ನಗು ಬಂತು. ತೋರಿಸಲಿಲ್ಲ.

ಅವನು ರೈಗೊ. ಡಿಜಿಟಲ್ ಬೋರ್ಡು, ಟ್ಯಾಬ್, ಆನ್‌ಲೈನ್ ಡೈರಿ ಎಲ್ಲವನ್ನೂ ಅಳವಡಿಸಿ, ಶಿಕ್ಷಕರಿಗೆ ಕಲಿಸಿಕೊಡಲು ಪುರಸಭೆ ಕಳಿಸಿದವನು. ಎಸ್ಟೋನಿಯಾದ ಆ ದ್ವೀಪದಲ್ಲಿ ಇನ್ನೂ ಕಾಗದದ ಡೈರಿ ಬರೆಯುತ್ತಿದ್ದ ಕೊನೆಯ ಶಾಲೆ ಅವಳದು. ಒಂದೇ ಕೋಣೆ, ಹನ್ನೊಂದು ಮಕ್ಕಳು, ಒಂದರಿಂದ ನಾಲ್ಕನೇ ಕ್ಲಾಸು ಒಟ್ಟಿಗೆ. ದೊಡ್ಡವರು ಭಾಗಾಕಾರ ಮಾಡುವಾಗ ಚಿಕ್ಕವರು ಅಕ್ಷರ ತಿದ್ದುವರು; ಒಬ್ಬರ ಪಾಠ ಇನ್ನೊಬ್ಬರ ಕಿವಿಗೂ ಬೀಳುವುದು.

"ಪಾಠ ಆದ ಮೇಲೆ ಇಲ್ಲಿ ಬರೀಬೇಕು. ನಾಲ್ಕು ಕ್ಲಾಸಿಗೆ ನಾಲ್ಕು ಪುಟ," ಎಂದು ಅವನು ಪರದೆ ತೋರಿಸಿದ.

ಅವಳು ಹೂಂಗುಟ್ಟಿದಳು. ಕಣ್ಣು ಮಾತ್ರ ಪರದೆಯ ಮೇಲಿರಲಿಲ್ಲ... ತೋರಿಸುವ ಬೆರಳುಗಳ ಮೇಲಿತ್ತು.

ಅಂದಿನಿಂದ ಪ್ರತಿ ಬುಧವಾರ ಅವನು ಬಂದ. ಕೆಟ್ಟಿದ್ದನ್ನು ಸರಿಮಾಡಿದ, ಕೆಡದಿದ್ದರೂ ಬಂದ.

"ಬುಧವಾರ ಮಾತ್ರ ತಲೆ ಬಾಚ್ತೀಯಲ್ಲೇ! ಆ ಬೋರ್ಡೇನು ಕನ್ನಡೀನಾ?" ಶಾಲೆಯ ಅಡುಗೆಯ ಹಿಲ್ಯಾ ಕೆಣಕುತ್ತಿದ್ದಳು.

"ಸುಮ್ನಿರಕ್ಕ, ಸೂಪ್ ಸೀದೀತು!"

ಹೇಳಬೇಕಾದ ಮಾತು ಇಬ್ಬರಲ್ಲೂ ಇತ್ತು. ಇಬ್ಬರೂ ಬೇಸಿಗೆ ಬರಲೆಂದು ಕಾದರು.

ಬೇಸಿಗೆಗೆ ಮೊದಲು, ಮೇ ತಿಂಗಳಲ್ಲೇ, ಪುರಸಭೆಯ ಸಭೆ ಬಂತು.

ಶಾಲೆ ಮುಚ್ಚಲು ನೆಪ ಹುಡುಕುತ್ತಿದ್ದವರಿಗೆ ನೆಪ ಸಿಕ್ಕಿತ್ತು. "ಡೈರಿ ನೋಡಿ," ಎಂದರು ಅಧ್ಯಕ್ಷರು. "ಜನವರಿಯಿಂದ ಎರಡು, ಮೂರು, ನಾಲ್ಕನೇ ಕ್ಲಾಸಿಗೆ ಒಂದೇ ಒಂದು ಪಾಠವೂ ಆಗಿಲ್ಲ!"

"ಸುಳ್ಳು! ದಿನಾ ಬರೆದಿದ್ದೀನಿ ನಾನು!" ಏವೆಲಿ ಎದ್ದು ನಿಂತಳು.

ಗೋಡೆಯ ಪರದೆಯಲ್ಲಿ ಮೂಡಿದ್ದ ಡೈರಿಯ ಪಟ್ಟಿಯನ್ನು ರೈಗೊ ಒಂದು ಗಳಿಗೆ ನೋಡಿದ. ಅವನ ಮುಖ ಬಿಳಿಚಿತು.

"ತಪ್ಪು ನನ್ನದು. ಡೈರಿ ಹೊಂದಿಸಿದ್ದು ನಾನು. ಟೀಚರ್ ಪಾಠ ಮಾಡಿದ್ದಾರೆ."

ಯಾರೂ ಕೇಳಲಿಲ್ಲ. ಮತಕ್ಕೆ ಕೈಗಳು ಮೇಲೆದ್ದವು. ಶಾಲೆ ಮುಚ್ಚಿತು. ರೈಗೊನ ಕೆಲಸವೂ ಹೋಯಿತು.

ಹೊರಗೆ ಅವನು ಹತ್ತಿರ ಬಂದಾಗ ಏವೆಲಿ ಹಿಂದೆ ಸರಿದಳು. "ಹನ್ನೊಂದು ಮಕ್ಕಳು ರೀ! ನಿಮ್ಮನ್ನ ನಂಬಿದ್ನಲ್ಲ... ಇನ್ನು ನನಗೆ ಮುಖ ತೋರಿಸಬೇಡಿ."

ಅವನು ಹೋದ.

'ದೇವರೇ, ನನ್ನನ್ನು ಬೇಕಾದರೆ ಮುರಿ, ಮಕ್ಕಳನ್ನು ಚದುರಿಸಬೇಡ...' ಉತ್ತರ ದೇಶದ ಆ ಬೇಸಿಗೆಯಿಡೀ ಸೂರ್ಯ ಮುಳುಗಲೊಲ್ಲದೆ ಬೆಳಗಿದ. ಅವಳೊಳಗೆ ಮಾತ್ರ ಕತ್ತಲು. ಪ್ರಾರ್ಥನೆ ಮುಗಿಯುತ್ತಿತ್ತು, ಉತ್ತರ ಬರುತ್ತಿರಲಿಲ್ಲ. ಸೆಪ್ಟೆಂಬರಿನಿಂದ ಬಾ ಎಂದು ಪೇಟೆಯ ಶಾಲೆ ಕರೆದಿತ್ತು. ಆ ಕಾಗದವನ್ನೂ ಅವಳು ಸಂತೋಷದಿಂದ ಓದಲಿಲ್ಲ.

ಆಗಸ್ಟ್ ಕೊನೆಯಲ್ಲಿ ಮಕ್ಕಳ ಅಂಕಪಟ್ಟಿ ತೆಗೆಯಲು ಆನ್‌ಲೈನ್ ಡೈರಿ ತೆರೆದಳು. ಮೊದಲ ಕ್ಲಾಸಿನ ಪುಟದಲ್ಲಿ ಎಲ್ಲವೂ ಇತ್ತು. ಭಾಗಾಕಾರ, ಭೂಗೋಳ, ದೊಡ್ಡವರ ಪ್ರಬಂಧ... ಎಲ್ಲವೂ! ಉಳಿದ ಮೂರು ಪುಟ ಖಾಲಿ. ಪ್ರತಿ ಸಾಲಿನ ಕೊನೆಗೂ ಒಂದೇ ಹೆಸರು: ಏವೆಲಿ.

ಹದಿನಾಲ್ಕು ವರ್ಷ ಅವಳು ಕಾಗದದ ಡೈರಿಯಲ್ಲಿ ಎಲ್ಲ ಮಕ್ಕಳನ್ನೂ ಒಂದೇ ಪುಟದಲ್ಲಿ ಬರೆದಿದ್ದಳು; ಇಲ್ಲೂ ಹಾಗೇ ಬರೆದಿದ್ದಳು. ಅವಳಿಗೆ ಅವರು ಒಂದೇ ಕ್ಲಾಸು. ಯಂತ್ರಕ್ಕೆ ನಾಲ್ಕು.

'ಅವನಿಗೆ ಗೊತ್ತಿತ್ತು... ಸಭೆಯಲ್ಲೇ ಗೊತ್ತಾಯಿತು. ನನ್ನ ಹೆಸರು ಕೆಡಬಾರದೆಂದು ತಾನೇ ತಲೆಯೊಡ್ಡಿದ!'

ಸೆಪ್ಟೆಂಬರ್ ಒಂದು. ದೇಶದ ಮಕ್ಕಳೆಲ್ಲ ಟೀಚರಿಗೆ ಹೂ ಹಿಡಿದು ಶಾಲೆಗೆ ಹೊರಟ ದಿನ. ಅವಳ ಹನ್ನೊಂದು ಮಕ್ಕಳನ್ನು ಹೊತ್ತ ಬಸ್ಸು ಪೇಟೆಯತ್ತ ತಿರುಗಿ ಮರೆಯಾಯಿತು.

ಏವೆಲಿ ಡೇಲಿಯಾ ಹೂಗಳನ್ನು ಕೊಯ್ದು ಹಡಗುಕಟ್ಟೆಗೆ ನಡೆದಳು. ಈಗ ಅಲ್ಲೇ ಕೆಲಸಕ್ಕಿದ್ದ ರೈಗೊ ಹಳದಿ ಕೋಟು ತೊಟ್ಟು, ಹಡಗಿಗೆ ಹತ್ತುವ ಕಾರುಗಳಿಗೆ ದಾರಿ ತೋರಿಸುತ್ತಿದ್ದ.

"ತಗೊಳ್ಳಿ. ಇವತ್ತು ಟೀಚರ್‌ಗೆ ಹೂ ಕೊಡ್ಬೇಕಲ್ಲ. ನನಗೆ ಕಲಿಸಿದೋರು ನೀವು."

"ನಾನೀಗ ಟೀಚರ್ ಅಲ್ಲ."

"ನಾನೂ ಅಲ್ಲ. ತಪ್ಪು ನಂದು ಅಂತ ನಿನ್ನೆ ಪುರಸಭೆಗೆ ಬರೆದುಕೊಟ್ಟೆ. ಪೇಟೆ ಶಾಲೆಯವರು ಬೆಳಗ್ಗೇನೇ ಫೋನ್ ಮಾಡಿ, ಬರೋದು ಬೇಡ ಅಂದ್ರು."

"ಅಯ್ಯೋ! ಅದೊಂದಾದ್ರೂ ನಿಮಗೆ ಉಳೀಲಿ ಅಂತಲ್ವಾ ನಾನು..." ಅವನು ಹೂಗಳನ್ನು ತೆಗೆದುಕೊಂಡ. "ಶಾಲೆ? ತೆರೀತಾರಂತಾ?"

"ಇಲ್ಲ. ಬೀಗ ಹಾಕಿದ್ದು ಹಾಕಿದ್ದೇ ಅಂದ್ರು."

ಹಿಂದಿನ ಕಾರು ಹಾರ್ನ್ ಹೊಡೆಯಿತು. ಅವನು ತಿರುಗಲಿಲ್ಲ.

"ನನಗೋಸ್ಕರ ಯಾಕೆ ಮಾಡಿದ್ರಿ ರೈಗೊ?"

"ಪ್ರೀತಿಗೆ. ಇನ್ಯಾತಕ್ಕೆ ಏವೆಲಿ?"

ಮೇ ತಿಂಗಳಿನಿಂದ ಬಾರದ ಅಳು ಒಮ್ಮೆಲೇ ಉಕ್ಕಿತು. ಅವನು ಒಂದು ಕೈಯಲ್ಲಿ ಹೂ ಹಿಡಿದು, ಇನ್ನೊಂದರಿಂದ ಅವಳ ತಲೆಯನ್ನು ಎದೆಗೊರಗಿಸಿಕೊಂಡ.

"ಅಳು. ಹಡಗು ಬಿಡೋಕೆ ಇನ್ನೂ ಹತ್ತು ನಿಮಿಷ ಇದೆ."

"ಆಮೇಲೆ?"

"ಆಮೇಲೆ ಇನ್ನೊಂದು ಹಡಗು ಬರುತ್ತೆ. ನಾನು ಇಲ್ಲೇ ಇರ್ತೀನಿ."