ಇಬ್ಬರ ಪ್ರವಾಸಕ್ಕೆ ಮೂರನೆಯವಳು

"ಪ್ರಕಾಶ ಇದ್ದಾನೇನು?"

ಬಾಗಿಲು ತೆರೆದ ಶಾಂಭವಿಯ ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಹೊರಗೆ ನಿಂತಿದ್ದ ಹೆಣ್ಣುಮಗಳನ್ನು ಅವಳು ಹಿಂದೆಂದೂ ನೋಡಿರಲಿಲ್ಲ. ಭುಜದವರೆಗೆ ಕತ್ತರಿಸಿದ ಕೂದಲು, ತಲೆಯ ಮೇಲೇರಿಸಿದ ತಂಪು ಕನ್ನಡಕ, ಕೈಯಲ್ಲೊಂದು ಪೇಡೆಯ ಡಬ್ಬಿ.

ಇದ್ದಾನೇನು ಅಂತೆ!

ಜೇವರ್ಗಿಯಲ್ಲಿ ಪಶುವೈದ್ಯ ಶಿವಪ್ರಕಾಶನನ್ನು ಯಾರೂ ಏಕವಚನದಲ್ಲಿ ಕರೆಯುತ್ತಿರಲಿಲ್ಲ. ಎಮ್ಮೆ ಹಿಡಿದುಕೊಂಡು ಬರುವ ಮುದುಕರೂ 'ಡಾಕ್ಟರ್ ಸಾಹೇಬ್ರು' ಅನ್ನುತ್ತಿದ್ದರು. ಮದುವೆಯಾಗಿ ಏಳೆಂಟು ತಿಂಗಳಾಗಿದ್ದರೂ ಹೆಂಡತಿಯ ಬಾಯಿಗೇ ಆ ಹೆಸರು ಬಂದಿರಲಿಲ್ಲ.

"ಯಾರ್ರಿ ನೀವು?"

"ನಾ ಜಯಮಾಲಾ. ಅಫಜಲಪುರದಾಕಿ. ಅವ ಹೇಳಿಲ್ಲೇನು?"

ಅವನು ಹೇಳಿರಲಿಲ್ಲ. ಆದರೆ ಬೇರೆಯವರು ಹೇಳಿದ್ದರು. ಆಳಂದದಲ್ಲಿ ಮದುವೆಯಾದ ದಿನ ಅಕ್ಷತೆ ಬಿದ್ದ ಮೇಲೆ, ಶಾಂಭವಿಯ ಬೆನ್ನ ಹಿಂದೆಯೇ ಇಬ್ಬರು ಹೆಂಗಸರು ಅವಳ ಅತ್ತೆಯ ಬಗ್ಗೆ ಮಾತಾಡಿಕೊಂಡಿದ್ದರು. 'ಗೌರಾಬಾಯಿ ತನ್ನ ಅಣ್ಣನ ಮಗಳು ಜಯಮಾಲಾನ್ನ ಸೊಸಿ ಮಾಡ್ಕೋತಾಳ ಅಂದಿದ್ವಿ. ಈ ನೆಲೋಗಿ ಹುಡುಗಿ ಬಂದ್ಲು ನೋಡು.' ಆ ಜಯಮಾಲಾ ಮದುವೆಗೆ ಬಂದಿರಲಿಲ್ಲ. ಯಾಕೆ ಬರಲಿಲ್ಲ ಎಂದು ಕೇಳುವ ಧೈರ್ಯ ಹೊಸ ಮದುಮಗಳಿಗೆ ಇರಲಿಲ್ಲ.

ಹಿತ್ತಲಿನಿಂದ ಕೈ ಒರೆಸಿಕೊಳ್ಳುತ್ತ ಬಂದ ಶಿವಪ್ರಕಾಶನ ಮುಖ ಅರಳಿತು. "ಅರೆ, ಯಾವಾಗ ಬಂದಿ? ಫೋನರ ಮಾಡಬಾರದೇನು?"

"ರಜಾಕ್ಕ ಊರಿಗಿ ಬಂದಿದ್ದೆ. ನಿನ್ನ ಹೆಂಡ್ತಿನ್ನ ನೋಡ್ಕೊಂಡು ಹೋಗೂಣು ಅಂತ ಬಂದೆ. ಚಂದ ಇದ್ದಾಳಲ್ಲೋ."

ಬಂದವಳು ಯಾರನ್ನೂ ಕೇಳದೆ ಅಡುಗೆಮನೆಗೆ ಹೋಗಿ ಕೊಡದಿಂದ ನೀರು ತೆಗೆದುಕೊಂಡು ಕುಡಿದಳು. ಶಾಂಭವಿ ಚಹಾಕ್ಕೆ ನೀರಿಟ್ಟಳು. ಒಲೆಯ ಉರಿ ಸ್ವಲ್ಪ ಹೆಚ್ಚೇ ಆಯಿತು.

ಮುಂದಿನ ವಾರ ಗಂಡ ಹೆಂಡತಿ ಹೈದರಾಬಾದಿಗೆ ಹೋಗುವುದಿತ್ತು. ಸಿಕ್ಕಿದ್ದು ಶನಿವಾರ, ರವಿವಾರ ಅಷ್ಟೆ. ಮದುವೆಯಾದ ಮೇಲೆ ಇಬ್ಬರೇ ಹೋಗುತ್ತಿರುವ ಮೊದಲ ಊರು ಅದು. ಎಲ್ಲಿಗೆ ಹೋಗಬೇಕು, ಏನು ತಿನ್ನಬೇಕು ಎಂದು ಶಾಂಭವಿ ಹೊಲಿಗೆ ಮಷೀನು ತುಳಿಯುತ್ತಲೇ ಮನಸ್ಸಿನಲ್ಲಿ ಎಷ್ಟೋ ಸಲ ತಿರುಗಾಡಿ ಬಂದಿದ್ದಳು. ಮೊದಲು ಚಾರಮಿನಾರ, ಅದರ ಪಕ್ಕದ ಓಣಿಯಲ್ಲಿ ಬ್ಲೌಸಿಗೆ ಹಚ್ಚುವ ಲೇಸು, ಹರಳು. ಆಮೇಲೆ ಸಾಲಾರ್ ಜಂಗ್ ಮ್ಯೂಸಿಯಂ. ಮಾರನೇ ದಿನ ಗೋಲ್ಕೊಂಡ.

ಚಹಾ ಕೊಡುತ್ತ ಶಾಂಭವಿ ಅದನ್ನು ಹೇಳಿದ್ದೇ ತಡ, ಜಯಮಾಲಾ ನಕ್ಕುಬಿಟ್ಟಳು. ಅವಳು ಹೈದರಾಬಾದಿನ ಒಂದು ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದಳು.

"ಇರೋದ ಎರಡು ದಿನ, ಚಾರಮಿನಾರದ ಗದ್ದಲದಾಗ ಯಾಕ ಹಾಳ ಮಾಡ್ಕೋತೀ? ಲೇಸು ಕಲಬುರಗ್ಯಾಗೂ ಸಿಗ್ತಾವ. ಶನಿವಾರ ಬರಾಕತ್ತಂಗ ನಾ ಸ್ಟೇಷನ್ನಿಗಿ ಬರ್ತೇನಿ. ಚೊಲೋ ಹೋಟೆಲಿನ್ಯಾಗ ಊಟ ಮಾಡೂಣು, ಅಲ್ಲಿಂದ ಗೋಲ್ಕೊಂಡ. ರವಿವಾರ ಇಡೀ ದಿನ ಫಿಲ್ಮ್ ಸಿಟಿ. ಏನಂತೀ ಪ್ರಕಾಶ?"

ಶಾಂಭವಿ ಗಂಡನ ಕಡೆ ನೋಡಿದಳು. 'ಬ್ಯಾಡ ಅನ್ರಿ... ಶಾಂಭವಿ ಹೇಳಿದಂಗ ಮಾಡ್ತೀವಿ ಅನ್ರಿ.'

"ಆಕಿಗಿ ಗೊತ್ತಿರ್ತದ ಬಿಡು," ಎಂದ ಅವನು, ಹೆಂಡತಿಗೆ. "ಅಲ್ಲೇ ಇರ್ತಾಳಲ್ಲ."

ಅಲ್ಲಿಗೆ ಅವಳ ಹೈದರಾಬಾದು ಮುಗಿಯಿತು.

ಆ ವಾರವೆಲ್ಲ ಅವನ ಫೋನು ಟಿಣ್ ಟಿಣ್ ಎನ್ನುತ್ತಲೇ ಇತ್ತು. ಅವನು ನೋಡುವುದು, ನಗುವುದು, ಏನೋ ಬರೆದು ಕಳಿಸುವುದು.

"ಯಾರ್ರಿ ಅದು?"

"ಜಯಮಾಲಾ. ರೂಮಿನ ಸಲುವಾಗಿ ಕೇಳಾಕತ್ತಾಳ."

"ಹಂಗಿದ್ರ ನೀವಿಬ್ಬರ ಹೋಗಿ ಬರ್ರಿ. ನನಗ ಗಿರಾಕಿಗಳ ಬ್ಲೌಸು ಹೊಲಿದು ಕೊಡೋದವ."

ಅವನು ಅದನ್ನು ತಮಾಷೆ ಎಂದುಕೊಂಡು ಜೋರಾಗಿ ನಕ್ಕ. ಅವಳು ಮಷೀನು ಎಷ್ಟು ಜೋರಾಗಿ ತುಳಿದಳೆಂದರೆ ಸೂಜಿ ಮುರಿಯಿತು.

ಶನಿವಾರ ಕಲಬುರಗಿಯಲ್ಲಿ ರೈಲು ಹತ್ತಿದಾಗ ಶಾಂಭವಿ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಬ್ಲೌಸಿನ ಬೆನ್ನಿಗೆ ತಾನೇ ಕೂತು ಹಾಕಿದ ಕಸೂತಿ ಇತ್ತು. ಅದು ಯಾರಿಗೆ ಕಾಣಲೆಂದು ಹಾಕಿದ್ದೋ ಅವಳಿಗೇ ತಿಳಿಯದು. ಗಂಡನಿಗೋ, ಸ್ಟೇಷನ್ನಿನಲ್ಲಿ ಕಾಯುತ್ತಿರುವವಳಿಗೋ... ಗಂಡ ಕಿಟಕಿಯ ಪಕ್ಕದ ಸೀಟು ಅವಳಿಗೆ ಬಿಟ್ಟುಕೊಟ್ಟ, ವಾಡಿ ಬಂದಾಗ ಇಳಿದು ಚಹಾ ತಂದ. ಅಷ್ಟರಲ್ಲೇ ಅವಳ ಮನಸ್ಸು ಮೆತ್ತಗಾಗಿತ್ತು. ಹೈದರಾಬಾದಿನಲ್ಲಿ ಇಳಿಯುತ್ತಿದ್ದಂತೆ ಜಯಮಾಲಾ ಓಡಿ ಬಂದು ಅವನ ಕೈಯಿಂದ ಬ್ಯಾಗು ಕಸಿದುಕೊಂಡಳು. ಮೆತ್ತಗಾದದ್ದು ಮತ್ತೆ ಕಲ್ಲಾಯಿತು.

ಕಾರು ಓಡಿಸುತ್ತಿದ್ದ ಜಯಮಾಲಾಳ ಪಕ್ಕ ಅವನು ಕುಳಿತ. ಶಾಂಭವಿ ಹಿಂದೆ, ಬ್ಯಾಗುಗಳ ಜೊತೆ. ಮುಂದೆ ಕುಳಿತ ಇಬ್ಬರೂ ಸಣ್ಣವರಿದ್ದಾಗ ಅಫಜಲಪುರದ ತೋಟದಲ್ಲಿ ಪೇರಲ ಕದ್ದದ್ದು, ಭೀಮಾ ನದಿಯಲ್ಲಿ ಚಪ್ಪಲಿ ತೇಲಿ ಹೋದದ್ದು ನೆನೆದು ನಗುತ್ತಿದ್ದರು. ಜೊತೆಗೆ ನಗಲು ಶಾಂಭವಿಗೆ ಅಂಥ ನೆನಪೇನೂ ಇರಲಿಲ್ಲ.

ಹೋಟೆಲು ದೊಡ್ಡದಿತ್ತು. ಒಳಗೆ ತಂಪು, ಮಂದ ಬೆಳಕು. 'ಇದೊಂದನ್ನಾದರೂ ನಾನೇ ಆರಿಸಬೇಕು' ಎಂದು ಶಾಂಭವಿ ಧೈರ್ಯ ಮಾಡಿ ಬಗಾರಾ ಬೈಂಗನ್ ಹೇಳಿದಳು. ಶೇಂಗಾ, ಎಳ್ಳು ಹಾಕಿದ ಹೈದರಾಬಾದಿನ ಬದನೆಕಾಯಿ ಹೇಗಿರುತ್ತದೋ ನೋಡುವ ಆಸೆ ಅವಳಿಗೆ. ಬಂದ ಕೂಡಲೇ ಮೊದಲು ಗಂಡನ ತಟ್ಟೆಗೆ ಬಡಿಸಿದಳು.

ಜಯಮಾಲಾ ಕೈ ಚಾಚಿ ತಟ್ಟೆಯನ್ನೇ ಎಳೆದುಕೊಂಡಳು.

"ಏ, ಅವಗ ಬದ್ನಿಕಾಯಿ ಆಗಂಗಿಲ್ಲ. ತಿಂದ್ರ ಮೈತುಂಬ ದದ್ದು ಬರ್ತಾವ. ಸಣ್ಣವಿದ್ದಾಗಿಂದೂ ಹಂಗ ಅದ. ನಿನಗ ಗೊತ್ತಿಲ್ಲೇನು?"

ಶಾಂಭವಿಯ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು.

ದದ್ದು! ಅವನ ತೋಳು, ಕತ್ತಿನ ಮೇಲೆ ಕೆಂಪಗೆ ಏಳುತ್ತಿದ್ದ ದದ್ದಿಗೆ ಅವಳೇ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ಕೇಳಿದರೆ 'ಮೇವಿನ ಧೂಳು, ದನದ ಕೆಲಸ ಅಂದ್ರ ಹಂಗ' ಎನ್ನುತ್ತಿದ್ದ. ವಾರಕ್ಕೆರಡು ಸಲ ಅವಳು ಮಾಡುತ್ತಿದ್ದ ಎಣ್ಣೆಗಾಯಿಯನ್ನು ಒಂದು ಮಾತಾಡದೆ ತಿಂದು ಏಳುತ್ತಿದ್ದ.

ಗಂಡನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ.

'ಇಷ್ಟು ದಿನ ನಾನು ಅವರಿಗೆ ವಿಷ ಬಡಿಸಿದಂಗ ಆತಲ್ಲ... ಅದನ್ನ ನನಗ ಹೇಳಬೇಕಾದವರು ಹೇಳಲಿಲ್ಲ. ಈಕಿ ಹೇಳಬೇಕಾಯ್ತು!'

"ಕೈ ತೊಳಕೊಂಡು ಬರ್ತೇನಿ," ಎಂದು ಎದ್ದಳು. ಕೈ ತೊಳೆಯುವ ಜಾಗ ದಾಟಿ, ಬಾಗಿಲು ದಾಟಿ, ಬಿಸಿಲಿಗೆ ಬಂದು ಎದುರಿಗೆ ಸಿಕ್ಕ ಆಟೋ ಹತ್ತಿದಳು.

"ಚಾರಮಿನಾರ್ ಚಲೋ, ಭಾಯಿ."

ಆಟೋದಲ್ಲಿ ಅವಳು ಅಳಲಿಲ್ಲ. ಅಳು ಬಂದದ್ದು ಲೇಸಿನ ಅಂಗಡಿಯಲ್ಲಿ. ಅಂಗಡಿಯ ಹಿರಿಯ ಹೆಂಗಸು ವಜೀರುನ್ನಿಸಾ ಒಂದೊಂದೇ ಸುರುಳಿ ಬಿಚ್ಚಿ ತೋರಿಸುತ್ತಿದ್ದರು. ಬಂಗಾರದ ಬಣ್ಣದ ಒಂದು ಲೇಸು ಕೈಗೆತ್ತಿಕೊಂಡಾಗ ಶಾಂಭವಿಯ ಕಣ್ಣು ತುಂಬಿ ಎಲ್ಲ ಮಸುಕಾಯಿತು.

"ಎಲ್ಲಿಯವಳಮ್ಮಾ ನೀನು?" ಎಂದರು ಅವರು, ಒಮ್ಮೆಲೇ ಕನ್ನಡದಲ್ಲಿ.

"ಜೇವರ್ಗಿ. ಗಂಡನ ಊರು ಆಳಂದ."

"ನಮ್ಮ ತವರೂ ಆಳಂದನೇ ನೋಡು. ಬಾ, ಕೂಡು." ಸ್ಟೂಲು ಎಳೆದು ಕೊಟ್ಟು ನೀರು ಕೊಟ್ಟರು. ಬೇರೇನೂ ಕೇಳಲಿಲ್ಲ.

ಫೋನು ಬಡಿದುಕೊಳ್ಳುತ್ತಲೇ ಇತ್ತು. ಗಂಡನದು, ಮತ್ತೆ ಗಂಡನದು. ತೆಗೆಯಲಿಲ್ಲ. ಆಮೇಲೆ ಜಯಮಾಲಾಳ ಹೆಸರು ಬಂತು. ಇವಳಿಗಂತೂ ಎರಡು ಮಾತು ಅಂದೇಬಿಡಬೇಕೆಂದು ತೆಗೆದಳು.

"ನಾ ಬರಂಗಿಲ್ಲ. ನೀವಿಬ್ಬರು ಗೋಲ್ಕೊಂಡ ನೋಡ್ಕೊಂಡು ಬರ್ರಿ."

"ವೈನಿ," ಎಂದಳು ಜಯಮಾಲಾ. ಅಣ್ಣನ ಹೆಂಡತಿಯನ್ನು ಕರೆಯುವ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. "ಅವ ಉಣ್ಣೋದು ಬಿಟ್ಟು ಎದ್ದು ಹೋದ. ರಸ್ತಾದಾಗ ನಿಂತು ಕಂಡ ಕಂಡವರನ್ನ ಕೇಳಾಕತ್ತಾನ. ನನಗ ಅವನದೆಲ್ಲಾ ಗೊತ್ತು ಅಂತ ತೋರಿಸ್ಕೊಳ್ಳೋದು ನನಗೊಂದು ಚಟ. ಅದು ನಿಮ್ಮ ಮುಂದ ಮಾಡಬಾರದಿತ್ತು. ಎಲ್ಲಿದ್ದೀರಿ ಹೇಳ್ರಿ. ನಾ ಬರಂಗಿಲ್ಲ, ಅವನ್ನ ಕಳಸ್ತೇನಿ."

ಬೈಯಬೇಕೆಂದು ತೆರೆದ ಬಾಯಿ ಹಾಗೇ ಇತ್ತು. "ಚಾರಮಿನಾರದ ಬಾಜೂಕ, ಲೇಸಿನ ಓಣ್ಯಾಗ," ಎಂದಳು ಕೊನೆಗೆ.

ಅವನು ಬಂದಾಗ ಅವಳು ಅಂಗಡಿಯ ಒಳಗಿನಿಂದಲೇ ನೋಡಿದಳು. ಬಳೆಗಳ ಸಾಲಿನ ನಡುವೆ, ಅಂಗಿ ಬೆವರಿನಿಂದ ಬೆನ್ನಿಗಂಟಿ, ಫೋನಿನಲ್ಲಿ ಮದುವೆಯ ಫೋಟೋ ತೆಗೆದು ಪ್ರತಿ ಅಂಗಡಿಯವರಿಗೂ ತೋರಿಸುತ್ತಿದ್ದ. ಒಬ್ಬರು ಇಲ್ಲ ಎಂದು ತಲೆ ಆಡಿಸಿದರೆ ಮುಂದಿನವರ ಹತ್ತಿರ ಓಡುತ್ತಿದ್ದ. ಮದವೇರಿದ ಕೋಣಕ್ಕೂ ಹೆದರದ ಮನುಷ್ಯ ಕೇಳಿದ ಅಂಗಡಿಯಲ್ಲೇ ಮತ್ತೆ ಕೇಳುತ್ತಿದ್ದ.

ಶಾಂಭವಿ ಬೆರಳು ಮಾಡಿ ತೋರಿಸಿದಳು. ವಜೀರುನ್ನಿಸಾ ಅವರೇ ಕೈ ಬೀಸಿ ಕರೆದರು.

ಓಣಿಯ ತುದಿಯ ಇರಾನಿ ಚಹಾದ ಹೋಟೆಲಿನಲ್ಲಿ ಇಬ್ಬರೂ ಎದುರು ಬದುರು ಕುಳಿತರು.

"ಬದ್ನಿಕಾಯಿ ಮೈಗಿ ಆಗಂಗಿಲ್ಲಂತ ನನಗ್ಯಾಕ ಹೇಳಲಿಲ್ಲ?"

"ಜೇವರ್ಗಿಗಿ ಬಂದ ಮೊದಲನೇ ದಿನ ನೀ ಎಣ್ಣಿಗಾಯಿ ಬಡಿಸಿ, 'ನಮ್ಮವ್ವ ಸಾಯೂಕ್ಕಿಂತ ಮೊದಲ ಕಲಿಸಿದ್ದು ಇದೊಂದ ಅಡಗಿ' ಅಂದಿ. ನಿನ್ನ ಕಣ್ಣಾಗ ನೀರಿತ್ತು. ಆಗ ಹ್ಯಾಂಗ ಹೇಳ್ಲಿ? ಆವತ್ತು ಹೇಳಲಿಲ್ಲ, ಆಮ್ಯಾಲ ಹೇಳಾಕ ಬಾಯೇ ಬರಲಿಲ್ಲ. ನಮ್ಮ ಅವ್ವಗೂ ನಿನಗ ಹೇಳಬ್ಯಾಡ ಅಂದಿದ್ದೆ."

"ನಮ್ಮವ್ವ ಇದ್ದಿದ್ರ, ಅಳಿಯಗ ಆಗಂಗಿಲ್ಲ ಅಂದ ಕೂಡ್ಲೇ ಆ ಗಡಿಗೀನ ಒಲಿ ಮ್ಯಾಲಿಂದ ಇಳಸ್ತಿದ್ಲು." ಅವಳು ಸೆರಗು ಎಳೆದು ಸಿಕ್ಕಿಸಿಕೊಂಡಳು. "ನೀವು ನನ್ನ ನೆಂಟರ ಮನಿ ಹುಡುಗಿ ಮಾಡಿಟ್ರಿ. ಬಡಿಸಿದ್ದು ತಿಂದು, ಚೊಲೋ ಆಗ್ಯದ ಅಂತ ಎದ್ದು ಹೋಗೋದು... ಹೆಂಡ್ತಿ ಮುಂದ ಹಂಗ ಇರ್ತಾರೇನ್ರಿ?"

"ತಪ್ಪಾತು," ಎಂದ.

ಚಹಾ ಬಂತು. ಅವಳು ಮುಟ್ಟಲಿಲ್ಲ. ಕೇಳಬೇಕಾದದ್ದು ಇನ್ನೂ ಒಂದಿತ್ತು. ಮದುವೆಯ ದಿನದಿಂದ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದ್ದ ಪ್ರಶ್ನೆ.

"ಆಕಿನ್ನ ಮದಿವಿ ಆಗಬೇಕು ಅಂತ ನಿಮ್ಮ ಮನಸಿನ್ಯಾಗ ಇತ್ತೋ ಇಲ್ಲೋ?"

ಇಲ್ಲ ಎನ್ನಲಿ... ಎಂದು ಅವಳ ಜೀವ ಬೇಡಿಕೊಳ್ಳುತ್ತಿತ್ತು.

"ಇತ್ತು," ಎಂದ ಅವನು.

ಶಾಂಭವಿ ಕಣ್ಣು ಮುಚ್ಚಿದಳು.

"ನಾನ ಕೇಳಿದ್ದೆ. ಆಕಿ ಒಲ್ಲೆ ಅಂದ್ಲು. ಕೂಡಿ ಬೆಳದೀವಿ, ನನಗ ಹಂಗ ಅನಸಂಗಿಲ್ಲ ಅಂದ್ಲು. ಮದಿವ್ಯಾಗ ಮಂದಿ ಏನೇನೋ ಆಡ್ಕೋತಾರ, ನಿನಗ ತ್ರಾಸ ಆಗಬಾರದು ಅಂತ ಆಕಿ ಬರಲಿಲ್ಲ. ಇದನ್ನ ನಿನಗ ಸುಳ್ಳು ಹೇಳಬಹುದಿತ್ತು. ಒಂದು ಮುಚ್ಚಿಟ್ಟಿದ್ದಕ್ಕ ಇಷ್ಟಾತು, ಇನ್ನೊಂದು ಬ್ಯಾಡ."

"ಈಗ?" ದನಿ ಅವಳಿಗೇ ಕೇಳಿಸಲಿಲ್ಲ.

ಅವನು ಗ್ಲಾಸು ಸರಿಸಿ ಮುಂದೆ ಬಾಗಿದ.

"ಆಕಿ ಒಲ್ಲೆ ಅಂದಾಗ ನನಗ ಬ್ಯಾಸರ ಆಗಿತ್ತು, ಶಾಂಭವಿ. ಉಂಡೆ, ಮಕ್ಕೊಂಡೆ, ಡ್ಯೂಟಿಗಿ ಹೋದೆ. ಇವತ್ತು ನಿನ್ನ ಕುರ್ಚಿ ಖಾಲಿ ನೋಡಿ ನನಗ ಅಂಜಿಕಿ ಬಂತು. ಅಂಥ ಅಂಜಿಕಿ ನನಗ ಹಿಂದ ಯಾವಾಗೂ ಬಂದಿಲ್ಲ. ನೀ ಸಿಗದಿದ್ರ ನಾ ಎಲ್ಲಿಗಿ ಹೋಗ್ಲಿ ಅನ್ನೋದ ತಿಳೀಲಿಲ್ಲ."

ಅವಳ ಎದೆಯ ಮುಳ್ಳು ಯಾವಾಗ ಕಿತ್ತುಬಂತೋ... ನೋವು ಇನ್ನೂ ಇತ್ತು, ಆದರೆ ಉಸಿರಾಡಲು ಬರುತ್ತಿತ್ತು.

"ಮತ್ತ ಪ್ಲ್ಯಾನೆಲ್ಲಾ ಆಕಿ ಕೈಯಾಗ್ಯಾಕ ಕೊಟ್ರಿ? ನಾ ಅಷ್ಟು ಆಸೆಲೆ ಹೇಳಿದ್ದೆ."

"ನಾನೂ ಈ ಊರಿಗಿ ಬಂದಿದ್ದು ಕಾಲೇಜು ಟೂರಿನ್ಯಾಗ ಒಮ್ಮೆ ಅಷ್ಟ. ನಿನ್ನ ಕರ್ಕೊಂಡು ಬಂದು ಪೆದ್ದನಂಗ ದಾರಿ ಕೇಳ್ಕೋತ ನಿಲ್ಲಬಾರದು ಅಂತ ಆಕಿಗಿ ಹೇಳಿದೆ. ಕಡೀಕ ಅದನ್ನ ಮಾಡಿದೆ ನೋಡು, ಇಡೀ ಓಣಿ ಕೇಳ್ಕೋತ ಬಂದೆ."

ಅವಳಿಗೆ ನಗು ಬಂತು. ತಡೆಯಲು ಹೋದಳು, ಆಗಲಿಲ್ಲ. ಚಹಾದ ಗ್ಲಾಸು ಎತ್ತಿಕೊಂಡಳು. ಕೆನೆ ಕಟ್ಟಿತ್ತು, ಆದರೂ ಕುಡಿದಳು. ಅವನು ಬಿಸ್ಕತ್ತು ಮುರಿದು ಅರ್ಧ ಅವಳ ಬಸಿಯಲ್ಲಿಟ್ಟ.

"ನಾಳಿ ಏನು ಮಾಡೂಣು?" ಎಂದ. "ನೀ ಹೇಳಿದಂಗ."

"ಮುಂಜಾನಿ ನಾವಿಬ್ಬರ ಗೋಲ್ಕೊಂಡ ಏರೂಣು. ಮಧ್ಯಾಹ್ನ ಊಟಕ್ಕ ಜಯಮಾಲಾಗ ಬಾ ಅನ್ರಿ." ಒಂದು ಕ್ಷಣ ತಡೆದು ಸೇರಿಸಿದಳು. "ಊಟಕ್ಕ ಅಷ್ಟ. ಕಾರಿನ್ಯಾಗ ಆಕಿ ಬಾಜೂಕ ನಾ ಕೂಡ್ತೇನಿ, ನೀವು ಹಿಂದ ಬ್ಯಾಗಿನ ಸಂಗಾಟ."

"ಆಯ್ತ್ರಿ," ಎಂದ ಅವನು, ಕೈ ಮುಗಿದು.

ಹೊರಗೆ ಸಂಜೆಯ ಗದ್ದಲ ಏರುತ್ತಿತ್ತು. ಹಣ್ಣಿನ ಗಾಡಿಗಳು, ಆಟೋಗಳು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು. ಇಬ್ಬರೂ ಎದ್ದು ಆ ಗುಂಪಿನಲ್ಲಿ ಸೇರಿದರು. ಅವಳು ತಪ್ಪಿಹೋಗದಂತೆ ಅವನು ಅವಳ ಕೈ ಹಿಡಿದುಕೊಂಡ. ಜೇವರ್ಗಿಯ ಬಜಾರಿನಲ್ಲಿ ಒಂದು ದಿನವೂ ಹಿಡಿದಿರಲಿಲ್ಲ.

"ಖರೇ ಹೇಳ್ರಿ. ಮತ್ತೇನರ ಮುಚ್ಚಿಟ್ಟೀರೇನು?"

ಅವನು ನಿಂತ. "ಒಂದು ಅದ."

ಅವಳೂ ನಿಂತಳು. "ಏನು?"

"ಬಾಯಿಲೆ ಶಾಂಭವಿ ಅಂತೇನಿ. ಮನಸಿನ್ಯಾಗ ನಿನಗ ಬ್ಯಾರೆ ಹೆಸರು ಇಟ್ಟೇನಿ."

"ಏನಂತ?"

"ಇಲ್ಲಿ ಹ್ಯಾಂಗ ಹೇಳ್ಲಿ, ಇಷ್ಟು ಮಂದ್ಯಾಗ..."

"ಇಲ್ಲೇ ಹೇಳ್ರಿ."

ಅವನ ಕಿವಿಗಳು ಕೆಂಪಾದವು. ಅತ್ತಿತ್ತ ನೋಡಿ, ಅವಳ ಕಿವಿಯ ಹತ್ತಿರ ಬಾಗಿ, ಮೆಲ್ಲಗೆ ಅಂದ. "ಶಾಂಬಿ."

ಪಕ್ಕದಲ್ಲೇ ಒಂದು ಆಟೋ ಹಾರ್ನು ಹೊಡೆಯುತ್ತ ಹೋಯಿತು. ಅವಳಿಗೆ ಸ್ಪಷ್ಟವಾಗಿಯೇ ಕೇಳಿಸಿತ್ತು.

"ಕೇಳಸ್ಲಿಲ್ರಿ," ಎಂದಳು. "ಇನ್ನೊಮ್ಮಿ ಅನ್ರಿ."